ಟ್ರಿಯೆಸ್ಟೆಗೆ ಹೊರಟಿರುವ ರೋಬಸ್ಟಾ ಬೀಜಕ್ಕೊಂದು ಬಹಿರಂಗ ಪತ್ರ

ಚಿರಂಜೀವಿ ರೋಬಸ್ಟಾ ಚೆರಿ ಎಬಿಗೆ,

ಕಾಫಿ ರಫ್ತು ಮಾಡುವ ಕಂಪನಿಯೊಂದರ ಡಾಕ್ಯುಮೆಂಟೇಶನ್ ಗುಮಾಸ್ತ ಮಾಡುವ ಆಶೀರ್ವಾದಗಳು. ಇತ್ತ ಎಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮದ ಬಗ್ಗೆ ಸರ್ಟಿಫಿಕೇಟು ಬಂದಿದೆ, ಫೈಲಿಗೆ ಹಾಕಿದ್ದೇನೆ.

ನೀನು ನನ್ನನ್ನು ನೋಡಿಲ್ಲ. ನಾನೂ ನಿನ್ನನ್ನು ನೋಡಿಲ್ಲ, ನೋಡುವ ಪ್ರಸಂಗವೇ ಬಂದಿಲ್ಲ. ಸಕಲೇಶಪುರದ ಕಡೆಯ ತೋಟದಲ್ಲಿ ಕೆಂಪಗೆ ಹಣ್ಣಾದೆಯಂತೆ, ಕಣದಲ್ಲಿ ಒಣಗಿದೆಯಂತೆ, ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ಬಿಟ್ಟೆಯಂತೆ. 6 ಮಿ.ಮೀ. ತೂತಿನ 15ನೇ ನಂಬರ್ ಜರಡಿಯಲ್ಲಿ ಕೆಳಗೆ ಬೀಳದೆ ಮೇಲೆಯೇ ಉಳಿದು ‘ಎಬಿ’ ಅನ್ನಿಸಿಕೊಂಡೆಯಂತೆ. ಸಾಲಾಗಿ ಕೂತ ಹೆಂಗಸರು ಕಪ್ಪು ಕಾಳು, ಕಂದು ಕಾಳು ಆರಿಸಿ ಎಸೆದು ನಿನ್ನನ್ನು 60 ಕೆಜಿಯ ಗೋಣಿಚೀಲಕ್ಕೆ ತುಂಬಿದರಂತೆ. ಸಂತೋಷ. ಆದರೆ ನನ್ನ ಪಾಲಿಗೆ ನೀನು 0901 11 41. ಅದಕ್ಕಿಂತ ಹೆಚ್ಚಿನ ಸಲಿಗೆ ನಮ್ಮಿಬ್ಬರ ನಡುವೆ ಬೇಡ.

ಹೊರಡುವ ಮೊದಲೇ ನಿನ್ನ ಒಂದು ಭ್ರಮೆ ಬಿಡಿಸಬೇಕು. ಇಟಲಿಯ ಟ್ರಿಯೆಸ್ಟೆಗೆ ಹೋಗುತ್ತಿರುವುದು ತಾನು ಎಂದುಕೊಂಡು ಚೀಲದೊಳಗೆ ಬೀಗುತ್ತಿದ್ದೀಯಂತೆ. ಮಾರಾಯಾ, ಹೋಗುತ್ತಿರುವುದು ಒಂದು ಫೈಲು. ಅದಕ್ಕೆ ಲಗತ್ತಾಗಿ 320 ಚೀಲ.

ನಿನ್ನ ನಂಬರಿನ ವಿಷಯ ಹೇಳುತ್ತೇನೆ, ಕೇಳು. ಬ್ರಸೆಲ್ಸಿನಲ್ಲಿ ವಿಶ್ವ ಕಸ್ಟಮ್ಸ್ ಸಂಘಟನೆ ಅಂತ ಇದೆ. ಭೂಮಿಯ ಮೇಲೆ ಮಾರಬಹುದಾದ ಸಕಲ ಚರಾಚರ ವಸ್ತುಗಳಿಗೂ ಅಲ್ಲಿ ಆರಂಕಿಯ ಗುರುತು ಕೊಡುತ್ತಾರೆ. ಎಚ್‌ಎಸ್ ಕೋಡ್ ಎಂಬ ಈ ಗ್ರಂಥ 1988ರ ಜನವರಿ 1ರಿಂದ ಜಾರಿಯಲ್ಲಿದೆ. 97 ಅಧ್ಯಾಯ, ಅದರಲ್ಲಿ 77ನೆಯದು ಖಾಲಿ. ಮುಂದೆ ಯಾವತ್ತಾದರೂ ಬೇಕಾದೀತೆಂದು ಕಾದಿರಿಸಿದ್ದಾರೆ. ಸರಕೇ ಇಲ್ಲದ್ದರಿಂದ ಒಂದೂ ತಕರಾರು ಹುಟ್ಟದ ಅಧ್ಯಾಯ ಅದೊಂದೇ. ನನಗೆ ಪೋಸ್ಟಿಂಗ್ ಕೊಡುವುದಾದರೆ ಅಲ್ಲಿಗೇ ಕೊಡಲಿ. ಆರಂಕಿಯ ಮುಂದೆ ನಮ್ಮ ದೇಶದವರು ಇನ್ನೆರಡು ಅಂಕಿ ಸೇರಿಸಿ ನಿನ್ನ ಮನೆಯವರನ್ನೆಲ್ಲ ಬೇರೆಬೇರೆ ಮಾಡಿಟ್ಟಿದ್ದಾರೆ. ನೀನು 41, ಒಂಟಿಕಾಳಿನ ಪಿಬಿ 42, ಸಿ ಗ್ರೇಡು 43. ಟೈಪು ಮಾಡುವಾಗ ನನ್ನ ಬೆರಳು ಒಂದು ಗುಂಡಿ ಆಚೆ ಜಾರಿದರೆ ನೀನು ನಿನ್ನ ತಮ್ಮನಾಗಿ ಪ್ರಯಾಣ ಮಾಡುತ್ತೀ. ಆಮೇಲೆ ತಿದ್ದುಪಡಿ ಅರ್ಜಿ, ಅದಕ್ಕೆ ಶುಲ್ಕ, ಅದಕ್ಕೊಂದು ವಿವರಣೆ.

ಇಷ್ಟಾಗಿಯೂ ಸರ್ಕಾರ ನಮಗೆ ಕಷ್ಟ ಕೊಟ್ಟಿದೆ ಎನ್ನುವಂತಿಲ್ಲ. 2015ರಲ್ಲೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅಧಿಸೂಚನೆ ಹೊರಡಿಸಿದೆ: ರಫ್ತಿಗೆ ಕಡ್ಡಾಯ ದಾಖಲೆ ಮೂರೇ ಮೂರು. ಹಡಗಿನವರ ಬಿಲ್ ಆಫ್ ಲೇಡಿಂಗ್, ಪ್ಯಾಕಿಂಗ್ ಪಟ್ಟಿ ಸಹಿತ ಇನ್‌ವಾಯ್ಸ್, ಕಸ್ಟಮ್ಸಿನ ಶಿಪ್ಪಿಂಗ್ ಬಿಲ್. ಮೂರು! ಆ ಸುದ್ದಿಗೆ ಯಾರು ತಾನೇ ಸಿಹಿ ಹಂಚುವುದಿಲ್ಲ? ಉಳಿದವೆಲ್ಲ ‘ಸಂದರ್ಭಾನುಸಾರ’. ಕಾಫಿಯಾದ್ದರಿಂದ ಕಾಫಿ ಬೋರ್ಡಿನ ಪರ್ಮಿಟ್ಟು. ಅಂತರರಾಷ್ಟ್ರೀಯ ಕಾಫಿ ಸಂಘಟನೆಯ ಮೂಲ ಪ್ರಮಾಣಪತ್ರ. ಬೀಜವಾದ್ದರಿಂದ ಹುಳು ಇಲ್ಲವೆಂಬ ಫೈಟೋ. ಹುಳು ಇದ್ದಿದ್ದರೂ ಸತ್ತಿದೆ ಎಂಬ ಫ್ಯೂಮಿಗೇಶನ್ ಪತ್ರ. ಮರದ ಪ್ಯಾಲೆಟ್ ಇಟ್ಟರೆ ಅದರ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎನ್ನುವ ಮೊಹರು. ಕಂಟೇನರ್ ಬಾಗಿಲಿಗೆ ಎಲೆಕ್ಟ್ರಾನಿಕ್ ಸೀಲು, ಅದರ ನಂಬರು ಶಿಪ್ಪಿಂಗ್ ಬಿಲ್ಲಿಗೆ. ವಿಮೆ. ರಫ್ತುದಾರನ ಐಇಸಿ, ಅಂದರೆ ಆಮದು-ರಫ್ತು ಕೋಡು. ಇದನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡಬೇಕು. ಬದಲಾವಣೆ ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದು ಅಪ್‌ಡೇಟ್ ಮಾಡಬೇಕು. ಮರೆತರೆ ಕೋಡು ನಿದ್ದೆ ಹೋಗುತ್ತದೆ. ಮೂರರ ಈ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನಾನು ಎಣಿಸಿಲ್ಲ. ಎಣಿಸಿದರೆ ಅದನ್ನೂ ದೃಢೀಕರಿಸಿ ಕೊಡಿ ಎಂದಾರು.

ನಾನು ಎಲ್ಲ ಕಾಗದವನ್ನೂ ಬೈಯುವವನಲ್ಲ. ಕಂಟೇನರಿನ ಪಕ್ಕಾ ತೂಕ ತೋರಿಸುವ ವಿಜಿಎಂ ಎಂಬ ಪತ್ರ 2016ರ ಜುಲೈಯಿಂದ ಜಗತ್ತಿನಾದ್ಯಂತ ಕಡ್ಡಾಯವಾಯಿತು. ತೂಕ ಸುಳ್ಳು ಬರೆದ ಡಬ್ಬಿಗಳನ್ನು ಮೇಲಿಟ್ಟುಕೊಂಡು ಹಡಗುಗಳು ವಾಲಿದ್ದುಂಟು. ಅಂಥ ಕಾಗದ ತುಂಬುವಾಗ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ನನ್ನ ಸಂಕಟ, ಇನ್ನೊಂದು ಕಾಗದವನ್ನು ಕಾಯುವುದಕ್ಕೆಂದೇ ಹುಟ್ಟಿದ ಕಾಗದಗಳದ್ದು.

ಈ ಕಾಗದಗಳ ಜಾತಕ ಪರಸ್ಪರ ಕೂಡಿಬರಬೇಕು, ಒಂದು ಚುಕ್ಕಿಯೂ ಆಚೀಚೆ ಆಗಬಾರದು. ನಮ್ಮ ಊರುಗಳ ಹೆಸರಿನ ಸ್ಪೆಲ್ಲಿಂಗನ್ನು 2014ರ ನವೆಂಬರ್ 1ರಂದು ಬದಲಾಯಿಸಿದರಲ್ಲ, ಅಂದು ಎಲ್ಲರೂ ರಾಜ್ಯೋತ್ಸವ ಮಾಡಿದರು. ಗುಮಾಸ್ತರಿಗೆ ಹೊಸ ಕೆಲಸ ಹುಟ್ಟಿತು. ಊರು ಮಂಗಳೂರು, ಬಂದರು ಮಾತ್ರ ಇವತ್ತಿಗೂ ನ್ಯೂ ಮ್ಯಾಂಗಲೋರ್. ದುಡ್ಡಿಗೆ ಬ್ಯಾಂಕು ಕೊಡುವ ಭರವಸೆಯ ಪತ್ರವಾದ ಎಲ್‌ಸಿಯಲ್ಲಿ ಒಂದು, ಇನ್‌ವಾಯ್ಸಿನಲ್ಲಿ ಇನ್ನೊಂದು ಬಂದರೆ ಬ್ಯಾಂಕಿನವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಎಲ್‌ಸಿಗೆ ಜಗತ್ತೆಲ್ಲ ಪಾಲಿಸುವ ಯುಸಿಪಿ 600 ಎಂಬ ನಿಯಮಾವಳಿ ಇದೆ, 2007ರಿಂದ ಚಾಲ್ತಿಯಲ್ಲಿದೆ. ಬ್ಯಾಂಕಿನ ವ್ಯವಹಾರ ದಾಖಲೆಯೊಂದಿಗೆ, ಸರಕಿನೊಂದಿಗಲ್ಲ ಎಂದು ಅದರ ಐದನೇ ಕಲಮಿನಲ್ಲಿ ನೇರವಾಗಿಯೇ ಬರೆದಿಟ್ಟಿದ್ದಾರೆ. ನಾನು ಆಗಲೇ ಹೇಳಿದ್ದು ಇದನ್ನೇ, ನೀನು ನಂಬಲಿಲ್ಲ. ಚೀಲದ ತುಂಬ ಉಪ್ಪು ತುಂಬಿದ್ದರೂ ಕಾಗದ ಸರಿಯಿದ್ದರೆ ದುಡ್ಡು ಬರುತ್ತದೆ. ನೀನು ಎಷ್ಟೇ ಘಮಘಮಿಸಿದರೂ ಅಲ್ಪವಿರಾಮ ತಪ್ಪಿದರೆ ಬರುವುದಿಲ್ಲ. ಅರ್ಥ ಕೆಡದ ಅಕ್ಷರದೋಷವನ್ನು ಸಹಿಸಿಕೊಳ್ಳಬೇಕೆಂಬ ಒಳ್ಳೆಯ ಮಾತೂ ಬ್ಯಾಂಕಿಂಗ್ ಪದ್ಧತಿಯಲ್ಲಿ ಇದೆ. ಅರ್ಥ ಕೆಟ್ಟಿತೋ ಇಲ್ಲವೋ ಎಂದು ತೀರ್ಮಾನಿಸುವ ಮೇಜಿನ ಮೇಲೇ ಡಿಸ್ಕ್ರೆಪೆನ್ಸಿ ಫೀ ಎಂಬ ಬಾಬತ್ತಿನ ರಸೀದಿ ಪುಸ್ತಕವೂ ಇರುತ್ತದೆ, ಅಷ್ಟೆ.

ಹುರಿದ ಪುಡಿಯಾಗಿ ಹೊರಡುವ ನಿನ್ನ ದಾಯಾದಿಗಳ ಪಾಡು ಇನ್ನೂ ಒಂದು ಕೈ ಮೇಲು. ಅವರು ಜಿಎಸ್‌ಟಿ ಕಟ್ಟಿ ಹೋದರೆ, ಆಮೇಲೆ ವಾಪಸು ಪಡೆಯಬೇಕು. ಜಿಎಸ್‌ಟಿ ರಿಟರ್ನಿನಲ್ಲಿ ಇನ್‌ವಾಯ್ಸ್ ನಂಬರಿಗೆ ಅಡ್ಡಗೆರೆ ಹಾಕಿ, ಶಿಪ್ಪಿಂಗ್ ಬಿಲ್ಲಿನಲ್ಲಿ ಓರೆಗೆರೆ ಹಾಕಿದರೆ ‘ಎಸ್‌ಬಿ 005’ ಎಂಬ ದೋಷ ಕಾಣಿಸಿಕೊಂಡು ದುಡ್ಡು ನಿಲ್ಲುತ್ತದೆ. ಹಸಿ ಬೀಜವಾಗಿ ಹುಟ್ಟಿದ ನಿನಗೆ ಆ ತೆರಿಗೆಯೇ ಇಲ್ಲ. ಪೂರ್ವಜನ್ಮದ ಪುಣ್ಯ.

ಈಗ ಯುರೋಪಿನವರ ಪ್ರಶ್ನೆಗೆ ಬರೋಣ. ಹುಷಾರಾಗಿ ಉತ್ತರಿಸು. ನೀನು ಹುಟ್ಟಿದ್ದು ಎಲ್ಲಿ?

‘ಮಲೆನಾಡು’ ಎಂದರೆ ಸಾಲದು. ಅರಣ್ಯನಾಶದ ವಿರುದ್ಧ ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಕಾನೂನಿನ ಪ್ರಕಾರ ನೀನು ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು, ದಶಮಾಂಶದ ಆರನೇ ಸ್ಥಾನದವರೆಗೆ. ಲೆಕ್ಕ ಹಾಕಿ ನೋಡಿದೆ, ಆರನೇ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ತೋಟ 4 ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡದಿದ್ದರೆ ಒಂದು ಚುಕ್ಕೆ ಸಾಲದು, ಸುತ್ತಿನ ಗಡಿಯನ್ನೇ ಗೆರೆ ಎಳೆದು ತೋರಿಸಬೇಕು.

ಗಡಿ! ನಮ್ಮ ಕಡೆ! ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ. ಅಜ್ಜ ತೀರಿಕೊಂಡು ಮೊಮ್ಮಗನಿಗೆ ಮಂಡಿನೋವು ಶುರುವಾಗಿದೆ. ಪೋಡಿ ಆಗಿಲ್ಲ. ಅಣ್ಣನ ಪ್ರಕಾರ ಬೇಲಿ ಹಲಸಿನ ಮರದ ಈಚೆ, ತಮ್ಮನ ಪ್ರಕಾರ ಆಚೆ, ಹಲಸಿನ ಹಣ್ಣು ಮಾತ್ರ ಮಂಗನ ಪಾಲು. ಸರ್ವೆ ಕಲ್ಲನ್ನು ಯಾವುದೋ ಮಳೆಗಾಲದಲ್ಲಿ ಯಾರೋ ಬಟ್ಟೆ ಒಗೆಯಲು ಹೊತ್ತುಕೊಂಡು ಹೋದರು. ತಾಲ್ಲೂಕು ಕಚೇರಿಗೆ ತಲೆಮಾರುಗಟ್ಟಲೆ ಅಲೆದರೂ ಗಜದ ಲೆಕ್ಕದಲ್ಲೂ ಇತ್ಯರ್ಥವಾಗದ ಇಂಥ ಜಾಗವನ್ನು 11 ಸೆಂಟಿಮೀಟರಿನ ನಿಖರತೆಯಲ್ಲಿ ಟ್ರಿಯೆಸ್ಟೆಗೆ ತಿಳಿಸಬೇಕಾಗಿದೆ. ಅಣ್ಣತಮ್ಮಂದಿರ ದಾವೆಯನ್ನೂ ಬ್ರಸೆಲ್ಸಿಗೇ ವರ್ಗಾಯಿಸಿದರೆ ಹೇಗೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಇನ್ನೊಂದು ತಮಾಷೆ. 2020ರ ಡಿಸೆಂಬರ್ 31ರ ನಂತರ ಆ ಜಾಗದಲ್ಲಿ ಕಾಡು ಕಡಿದಿಲ್ಲ ಎಂದು ಸಾಬೀತಾಗಬೇಕು. ಉದ್ದೇಶ ಒಳ್ಳೆಯದೇ. ಜಗತ್ತಿನಲ್ಲಿ ಕಾಡು ಸವರಿ ಬಟಾಬಯಲಿನಲ್ಲಿ ಕಾಫಿ ಹಾಕುವವರು ಇದ್ದಾರೆ. ನೀನು ಮಾತ್ರ ಹಲಸು, ಅತ್ತಿ, ಬೈನೆಗಳ ನೆರಳಲ್ಲಿ, ಮೆಣಸಿನ ಬಳ್ಳಿಯ ಪಕ್ಕದಲ್ಲಿ, ಅಜ್ಜನ ಕಾಲದ ತೋಟದಲ್ಲಿ ಬೆಳೆದವನು. ಈಗ ನಮ್ಮವರ ಹೆದರಿಕೆ, ಆಕಾಶದಿಂದ ನೋಡುವ ಉಪಗ್ರಹಕ್ಕೆ ಆ ನೆರಳು ಕಾಡಿನಂತೆ ಕಂಡರೆ, ನೀನು ಕಾಡಿನೊಳಗೆ ಅಕ್ರಮವಾಗಿ ಹುಟ್ಟಿದವನಾಗುತ್ತೀ! ಮರ ಉಳಿಸಿಕೊಂಡವನೇ ಮರದ ಬಗ್ಗೆ ವಿವರಣೆ ಬರೆದುಕೊಡಬೇಕು. ಕಾನೂನು 2024ರ ಕೊನೆಗೆ ಜಾರಿಯಾಗಬೇಕಿತ್ತು, 2025ಕ್ಕೆ ಹೋಯಿತು, ಅಲ್ಲಿಂದ 2026ಕ್ಕೆ. ಯುರೋಪಿನವರಿಗೂ ಕಾಗದ ರೆಡಿಯಾಗಿರಲಿಲ್ಲ ಎಂದು ತಿಳಿದಾಗ ನನಗೆ ಆ ಖಂಡದ ಮೇಲೆ ಮೊದಲ ಬಾರಿ ಅಕ್ಕರೆ ಉಕ್ಕಿತು.

ನಿನ್ನ ದೊಡ್ಡಮ್ಮ ಅರೇಬಿಕಾಳ ವಂಶ ಈ ನಾಡಿಗೆ ಬಂದ ಕಥೆ ಕೇಳಿರಬೇಕು. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಎನ್ನುತ್ತಾರೆ. ಇವತ್ತಾಗಿದ್ದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲು ಇಂಪೋರ್ಟ್ ಪರ್ಮಿಟ್ ತೆಗೆಯಬೇಕು, ಯೆಮೆನ್ ಸರ್ಕಾರದ ಫೈಟೋ ತರಬೇಕು, ಬಂದರಿನಲ್ಲಿ ತಪಾಸಣೆಗೆ ನಿಲ್ಲಬೇಕು. ಏಳರಲ್ಲಿ ಸ್ಯಾಂಪಲ್ಲಿಗೆ ನಾಲ್ಕು ಹೋದರೂ ಚಿಕ್ಕಮಗಳೂರಿನ ಚರಿತ್ರೆ ಬೇರೆಯಾಗುತ್ತಿತ್ತು.

ನಿನ್ನ ತೋಟದ ಯಜಮಾನರಿಗೆ ಈ ನಡುವೆ ಒಂದು ಆಸೆ ಹುಟ್ಟಿತ್ತು. ಅವರದ್ದು ಐದು ಎಕರೆ. ಜರ್ಮನಿಯ ಸಣ್ಣ ರೋಸ್ಟರ್ ಒಬ್ಬ ಹತ್ತು ಚೀಲ ನೇರವಾಗಿ ಕಳಿಸಿ, ಒಳ್ಳೆಯ ರೇಟು ಕೊಡುತ್ತೇನೆ ಎಂದಿದ್ದ. ‘ಏನೇನು ಬೇಕು ಮಾರಾಯ್ರೇ?’ ಎಂದು ಫೋನಿನಲ್ಲಿ ಕೇಳಿದರು. ಹೇಳತೊಡಗಿದೆ. ಫೈಟೋ ಮುಗಿಸಿ ಫ್ಯೂಮಿಗೇಶನ್ನಿಗೆ ಬರುವಷ್ಟರಲ್ಲಿ ಆ ಕಡೆ ‘ಹೂಂ’ ಎನ್ನುವುದು ನಿಂತಿತ್ತು. ಹತ್ತು ಚೀಲಕ್ಕೂ ಅದೇ ಕಂತೆ, 320ಕ್ಕೂ ಅದೇ ಕಂತೆ. ಏಜೆಂಟನ ಚಾರ್ಜೂ ಚೀಲದ ಲೆಕ್ಕದಲ್ಲಿ ಇಳಿಯುವುದಿಲ್ಲ. ಕೊನೆಗೆ ಅವರು ಗೇಟಿನ ಬಳಿಯೇ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಂಡರು. ನಮ್ಮ ಕಂಪನಿಗೆ ಇದರಿಂದ ನಷ್ಟವೇನಿಲ್ಲ. ಪ್ರತಿ ಹೊಸ ಫಾರಂ ಬಂದಾಗಲೂ ನಮ್ಮ ಬಾಸ್ ಕಸ್ಟಮ್ಸನ್ನು ಎಲ್ಲರೆದುರು ಬೈಯುತ್ತಾರೆ, ಕ್ಯಾಬಿನ್ ಬಾಗಿಲು ಹಾಕಿಕೊಂಡು ನಗುತ್ತಾರೆ. ಅಷ್ಟು ಕಾಗದ ಹೊರಲಾರದವರು ಯಾರೂ ನಮಗೆ ಪೈಪೋಟಿಗೆ ಬರುವುದಿಲ್ಲವಲ್ಲ. ನನ್ನ ಸಂಬಳವೂ ಆ ಫಾರಮ್ಮುಗಳಿಂದಲೇ ಹುಟ್ಟುತ್ತದೆ, ಆದ್ದರಿಂದ ಈ ವಿಷಯ ಇಲ್ಲಿಗೇ ಬಿಡುತ್ತೇನೆ.

ಬಂದರಿನಲ್ಲಿ ತಡವಾದರೆ ಬೇಸರಿಸಬೇಡ. ಹಾಯಿಹಡಗಿನ ಕಾಲದಲ್ಲಿ ನಿನ್ನ ಹಿರಿಯರು ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಊದಿಕೊಂಡು, ಬಣ್ಣ ಬದಲಾಗಿ ಯುರೋಪ್ ತಲುಪುತ್ತಿದ್ದರು. ಅಲ್ಲಿಯವರಿಗೆ ಆ ರುಚಿಯೇ ಹಿಡಿಸಿಬಿಟ್ಟಿತು. ಹಡಗು ವೇಗವಾದ ಮೇಲೆ ಅದೇ ರುಚಿಗಾಗಿ ಕರಾವಳಿಯ ಗೋದಾಮಿನಲ್ಲಿ ಬೇಕೆಂದೇ ಮಳೆಗಾಳಿಗೆ ಹರಡಿ ‘ಮಾನ್ಸೂನ್ಡ್ ಮಲಬಾರ್’ ಮಾಡತೊಡಗಿದರು. ಜುಲೈಯಲ್ಲಿ ನಿನ್ನ ಶಿಪ್ಪಿಂಗ್ ಬಿಲ್ಲಿಗೆ ಕ್ವೆರಿ ಬಿತ್ತೆಂದರೆ ಖರ್ಚಿಲ್ಲದೆ ನಿನಗೂ ಆ ಪದವಿ ಸಿಗಬಹುದು. ಕೋಡು ಮಾತ್ರ ಬದಲಾಯಿಸಬೇಕಾದೀತು.

ನೀನು ಹತ್ತಿದ ಮೇಲೆ ಹಡಗಿನವರು ಮೂರು ಅಸಲಿ ಬಿಲ್ ಆಫ್ ಲೇಡಿಂಗ್ ಕೊಡುತ್ತಾರೆ. ಮೂರು ಯಾಕೆಂದರೆ, ಹಿಂದೆ ಟಪಾಲು ಹೊತ್ತ ಹಡಗು ಮುಳುಗಿದರೆ ಇನ್ನೊಂದು ಹಡಗಿನಲ್ಲಿ ಕಳಿಸಿದ್ದಾದರೂ ತಲುಪಲಿ ಎಂದು. ಈಗ ಮೂರೂ ಒಂದೇ ಕೊರಿಯರ್ ಲಕೋಟೆಯಲ್ಲಿ, ಒಂದೇ ವಿಮಾನದಲ್ಲಿ ಹೋಗುತ್ತವೆ. ಪದ್ಧತಿ ಬಿಡಬಾರದು. ಹಾಗಿದ್ದೂ ಕೆಲವೊಮ್ಮೆ ಕಾಗದಕ್ಕಿಂತ ಮೊದಲು ಸರಕು ತಲುಪಿ ಬಾಗಿಲಲ್ಲಿ ನಿಲ್ಲುವುದುಂಟು. ಅಂಥ ಉದ್ಧಟತನ ನೀನು ಮಾಡಬೇಡ.

ದುಡ್ಡು ಬಂದ ಮೇಲಾದರೂ ನಿನ್ನ ಕಥೆ ಮುಗಿಯುತ್ತದೆಂದು ತಿಳಿಯಬೇಡ. ಬಂದ ಹಣಕ್ಕೂ ಶಿಪ್ಪಿಂಗ್ ಬಿಲ್ಲಿಗೂ ಬ್ಯಾಂಕು ತಾಳೆ ಹಾಕಬೇಕು. ನಡುವಿನ ಯಾವುದೋ ದೇಶದ ಬ್ಯಾಂಕು ತನ್ನ ಚಾರ್ಜೆಂದು 25 ಡಾಲರ್ ಮುರಿದುಕೊಂಡರೆ ಅಷ್ಟರಮಟ್ಟಿಗೆ ನೀನು ಭಾರತಕ್ಕೆ ಬಾಕಿ. ಅಷ್ಟರಲ್ಲಿ ಇಟಲಿಯಲ್ಲಿ ನಿನ್ನನ್ನು ಹುರಿದು, ಪುಡಿಮಾಡಿ, ಎಸ್ಪ್ರೆಸೋ ಇಳಿಸಿ, ಯಾರೋ ಕುಡಿದು ಕಪ್ಪು ತೊಳೆದಿಟ್ಟಿರುತ್ತಾರೆ. ನನ್ನ ಕಂಪ್ಯೂಟರಿನಲ್ಲಿ ನೀನು ‘ಪೆಂಡಿಂಗ್’.

ಕೊನೆಯದಾಗಿ ಒಂದು ಕಿವಿಮಾತು. ದಾರಿಯಲ್ಲಿ ಒಣಗಬೇಡ. ತೇವ ಆರಿ ತೂಕ ಇಳಿದರೆ ಅಲ್ಲಿಯವರು ಕ್ಲೇಮು ಹಾಕುತ್ತಾರೆ. ಅದಕ್ಕೆ ಬೇರೆಯೇ ಫಾರಂ ಇದೆ, ನಾಲ್ಕು ಪ್ರತಿ.

ಇತಿ ನಿನ್ನ ಹಿತೈಷಿ,
ಡಾಕ್ಯುಮೆಂಟೇಶನ್ ಗುಮಾಸ್ತ
(ಸಹಿ ಮತ್ತು ಕಂಪನಿಯ ರಬ್ಬರ್ ಸ್ಟ್ಯಾಂಪು ಇಲ್ಲದ ಆಶೀರ್ವಾದ ಅಸಿಂಧು)