‘ಮಹಲ್’: ಬಳಕೆದಾರರ ಕೈಪಿಡಿ

1949ರ ಹಿಂದಿ ಚಿತ್ರ ‘ಮಹಲ್’ ಅನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಇದು ಬಾಂಬೆ ಟಾಕೀಸ್ ತಯಾರಿಕೆ, ಅಪ್ಪಟ ಕಪ್ಪು-ಬಿಳುಪು. ಬಣ್ಣ ಬರುತ್ತಿಲ್ಲವೆಂದು ಟೀವಿಯ ತಲೆಗೆ ತಟ್ಟಬೇಡಿ. ವಾರಂಟಿ ಇಲ್ಲ; ತಯಾರಿಸಿದ ಕಂಪನಿಯೇ ಕೆಲವು ವರ್ಷಗಳಲ್ಲಿ ಬಾಗಿಲು ಹಾಕಿಕೊಂಡಿತು.

ಜೊತೆಗೆ ಬರುವ ಬಿಡಿಭಾಗಗಳು

ಅಲಹಾಬಾದಿನಲ್ಲೊಂದು ಪಾಳು ಬಂಗಲೆ. ಅದಕ್ಕೆ ಬಂದಿಳಿಯುವ ವಕೀಲ ಹರಿಶಂಕರ್, ಅಂದರೆ ಅಶೋಕ್ ಕುಮಾರ್. ಗೋಡೆಯಿಂದ ತಾನಾಗಿ ಬೀಳುವ ಒಂದು ಪಟ; ಅದರಲ್ಲಿರುವ ಸತ್ತ ಮಾಲೀಕನ ಮುಖ ಥೇಟ್ ವಕೀಲನದೇ. ಹಳೆಯ ಕಥೆ ಹೇಳಲು ಒಬ್ಬ ತೋಟದ ಮಾಲಿ. ಉಯ್ಯಾಲೆ, ದೋಣಿ, ಗಡಿಯಾರ ತಲಾ ಒಂದು. ಕಾಮಿನಿಯಾಗಿ ಮಧುಬಾಲಾ, ಆಗಿನ್ನೂ 16ರ ಹುಡುಗಿ. ಬುದ್ಧಿ ಹೇಳಲು ಶ್ರೀನಾಥನೆಂಬ ಗೆಳೆಯನನ್ನೂ ಇಡಲಾಗಿದೆ. ಈ ಭಾಗ ಚೆನ್ನಾಗಿಯೇ ಇದೆ, ಆದರೆ ನಾಯಕನ ಮೇಲೆ ಕೆಲಸ ಮಾಡುವುದಿಲ್ಲ. ಬದಲಿಸಿ ಕೊಡಲಾಗುವುದಿಲ್ಲ.

ಶುರು ಮಾಡುವ ಮುನ್ನ

ಮನೆಯ ದೀಪಗಳನ್ನೆಲ್ಲ ಆರಿಸಿ. ಏನೂ ಕಾಣುತ್ತಿಲ್ಲವೆಂದು ಬ್ರೈಟ್‌ನೆಸ್ ಏರಿಸುವುದು ಕಡ್ಡಾಯವಾಗಿ ನಿಷಿದ್ಧ. ಬಾಂಬೆ ಟಾಕೀಸ್ ಕಟ್ಟಿದ ಹಿಮಾಂಶು ರಾಯ್ ಅವರ ಜೊತೆ ಜರ್ಮನಿಯಿಂದ ಬಂದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಇಷ್ಟಿಷ್ಟೇ ಬೆಳಕು ಬಿಟ್ಟು, ಉಳಿದ ಜಾಗವನ್ನೆಲ್ಲ ಬೇಕೆಂದೇ ಕತ್ತಲಿಗೆ ಬರೆದುಕೊಟ್ಟಿದ್ದಾರೆ. ಆ ಕತ್ತಲೇ ಇಲ್ಲಿನ ಸರಕು. ಕಂಬದ ಹಿಂದೆ ಯಾರಿದ್ದಾರೆಂದು ನೋಡಲು ಹೊರಟರೆ ಕಂಬ ಮಾತ್ರ ಸಿಗುತ್ತದೆ.

ಹೊಸ ಸಿನಿಮಾಗಳಲ್ಲಿ ಹೆದರಿ ಅಭ್ಯಾಸವಾದವರು ದಿಂಬು ತಬ್ಬಿಕೊಂಡು ಕೂರುತ್ತಾರೆ. ಅಗತ್ಯವಿಲ್ಲ. ಇಲ್ಲಿ ಯಾರೂ ಧುತ್ತೆಂದು ಮುಖದ ಮೇಲೆ ಬೀಳುವುದಿಲ್ಲ.

ಬಳಸುವ ವಿಧಾನ

ಮಾಲಿ ಕಥೆ ಹೇಳುವಾಗ ಫೋನ್ ಮುಟ್ಟಬೇಡಿ. ಪ್ರಿಯಕರನಿಗಾಗಿ ದಿನವಿಡೀ ಕಾಯುತ್ತಿದ್ದ ಕಾಮಿನಿ, ನೀರುಪಾಲಾದ ಅವನು, ಮರಳಿ ಬರುತ್ತೇನೆಂಬ ಮಾತು, ಎಲ್ಲವೂ ಅಲ್ಲೇ ಇದೆ. ಆಮೇಲೆ ಗಡಿಯಾರ ಎರಡು ಹೊಡೆಯುತ್ತದೆ. ಇಲ್ಲಿಂದ ಮುಂದೆ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು.

‘ಆಯೇಗಾ ಆನೇವಾಲಾ’ ಹಾಡು ದೂರದಲ್ಲೆಲ್ಲೋ, ಕೇಳಿಯೂ ಕೇಳದಂತೆ ಶುರುವಾಗುತ್ತದೆ. ತಕ್ಷಣ ರಿಮೋಟಿಗೆ ಕೈ ಹೋಗುತ್ತದೆ, ತಡೆಯಿರಿ. ಅದು ದೋಷವಲ್ಲ. ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು, ಹಾಡುತ್ತಾ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದು ಧ್ವನಿಮುದ್ರಣ ಮಾಡಿದ್ದು. ಯಂತ್ರದಲ್ಲಿ ಗುಂಡಿ ತಿರುಗಿಸಿದ್ದಲ್ಲ, ನಡೆದು ತಂದ ದೂರ. ಆ ದನಿ ಹತ್ತಿರವಾಗುತ್ತಿದ್ದಂತೆ ನಾಯಕ ಕೋಣೆಯಿಂದ ಕೋಣೆಗೆ ಅಲೆಯುತ್ತಾನೆ, ನಾವು ಕೂತಲ್ಲೇ ಅಲೆಯುತ್ತೇವೆ. ಇಷ್ಟು ಹೆದರಿಸಿಯೂ ಇಷ್ಟು ಮುದ ಕೊಡುವ ಇನ್ನೊಂದು ಹಾಡು ನನಗಂತೂ ಗೊತ್ತಿಲ್ಲ. ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ‘ಕಾಮಿನಿ’ ಎಂದು ಅಚ್ಚಾಗಿತ್ತು. ಹಾಡಿದವರು ಯಾರೆಂದು ಕೇಳುಗರು ರೇಡಿಯೊದವರನ್ನು ಪೀಡಿಸಿದ ಮೇಲೆ ಲತಾ ಹೆಸರು ಹೊರಬಿತ್ತು. ದೆವ್ವದ ಹೆಸರಲ್ಲೇ ವ್ಯಾಪಾರ ನಡೆಸಿದ್ದರು ನೋಡಿ! ರಾಗ ಹಾಕಿದ ಖೇಮ್‌ಚಂದ್ ಪ್ರಕಾಶ್ ಮರುವರ್ಷವೇ ತೀರಿಕೊಂಡರು.

ತೊಂದರೆ ಮತ್ತು ಪರಿಹಾರ

ಪಕ್ಕದಲ್ಲಿ ಕೂತವರು “ಅವಳು ನಿಜವಾಗ್ಲೂ ದೆವ್ವಾನೇನ್ರೀ?” ಎಂದು ಕೇಳಿದರೆ ಕಡಲೆಕಾಯಿ ಕೊಡಿ. ಮತ್ತೆ ಕೇಳಿದರೆ ಮತ್ತೆ ಕೊಡಿ. ಅರ್ಧ ಕೆಜಿಯಾದರೂ ಮನೆಯಲ್ಲಿರಲಿ, ಚಿತ್ರ ಎರಡೂವರೆ ಗಂಟೆ ದಾಟುತ್ತದೆ.

ನಡುವೆ ಕಥೆ ಬೇರೆ ದಾರಿ ಹಿಡಿದಂತೆ ಕಂಡರೆ ಗಾಬರಿ ಬೇಡ. ನಾಯಕನಿಗೆ ರಂಜನಾ ಎಂಬ ಹೆಣ್ಣಿನ ಜೊತೆ ಮದುವೆಯಾಗಿರುತ್ತದೆ. ಅವನು ಅವಳಿಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಈ ಭಾಗ ಎಳೆದಂತಿದೆ ಎಂಬ ದೂರು ಬಳಕೆದಾರರಿಂದ ಬರುತ್ತಿರುತ್ತದೆ. ದೂರು ಸರಿಯಾಗಿಯೇ ಇದೆ. ಆದರೂ ಓಡಿಸಬೇಡಿ, ಏಕೆಂದರೆ ನಿಜವಾದ ಭಯ ಇಟ್ಟಿರುವುದು ಇಲ್ಲೇ.

ಎಚ್ಚರಿಕೆ: ಗುಟ್ಟು ತಿಳಿಯಬಾರದು ಎನ್ನುವವರು ಮುಂದಿನ ಪ್ಯಾರಾ ಹಾರಿಸಿಕೊಳ್ಳಿ.

ದೆವ್ವ ದೆವ್ವವಲ್ಲ, ಮಾಲಿಯ ಮಗಳು. ಹೀಗೆಂದು ಗೊತ್ತಾದ ಕೂಡಲೇ ಮಾಮೂಲಿ ಪತ್ತೇದಾರಿ ಕಥೆ ಗಾಳಿ ಬಿಟ್ಟುಕೊಳ್ಳುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಇಲ್ಲದ ಹೆಣ್ಣಿಗಾಗಿ ಇರುವ ಹೆಂಡತಿಯನ್ನು ಇಂಚಿಂಚಾಗಿ ಕೊಂದವನನ್ನು ಅಷ್ಟರಲ್ಲಿ ನಾವು ಕಣ್ಣಾರೆ ಕಂಡಿರುತ್ತೇವೆ. ರಂಜನಾ ವಿಷ ಕುಡಿದು, ಕೊಟ್ಟವನು ಗಂಡನೇ ಎಂದು ಹೇಳಿಕೆ ಕೊಟ್ಟು ಸಾಯುತ್ತಾಳೆ. ಕಾನೂನಿನ ಪ್ರಕಾರ ಅದು ಸುಳ್ಳು. ನನಗೆ ಅಷ್ಟು ಸುಳ್ಳೆನಿಸುವುದಿಲ್ಲ. ಬಂಗಲೆಗೆ ಅಂಟಿಕೊಂಡ ಪಿಶಾಚಿ ಯಾವುದೆಂದು ಕೇಳಿದರೆ ನಾನು ವಕೀಲರ ಕಡೆಗೇ ಬೆರಳು ತೋರಿಸುತ್ತೇನೆ. ಇದು ಕಮಾಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರವೆಂದರೆ ನಂಬುವುದು ಕಷ್ಟ.

ಇದೇ ಬಗೆಯ ಇನ್ನೊಂದು ಮಾದರಿ

‘ಮಹಲ್’ನ ಸಂಕಲನಕಾರ ಬಿಮಲ್ ರಾಯ್ 1958ರಲ್ಲಿ ‘ಮಧುಮತಿ’ ನಿರ್ದೇಶಿಸಿದರು. ಅದರಲ್ಲೂ ಹಳೆ ಬಂಗಲೆ, ಮಳೆ, ಗೋಡೆಯ ಮೇಲಿನ ಚಿತ್ರ, ಹಿಂದಿನ ಜನ್ಮ ಎಲ್ಲವೂ ಲಭ್ಯ. ಎರಡನ್ನೂ ಒಂದೇ ರಾತ್ರಿ ಬಳಸಬೇಡಿ. ಯಾರು ಯಾರ ಮರುಜನ್ಮವೆಂಬ ಲೆಕ್ಕ ತಪ್ಪಿಹೋದರೆ ನಾವು ಹೊಣೆಯಲ್ಲ.