ಹೈಕು ಅಂಗಳದಲ್ಲಿ ಯುನಿಕ್ಸ್ ರಗಳೆ

ಬಿಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಣ್ಣುಮುಚ್ಚುವ ಹೊತ್ತಿಗೆ, 2001ರಲ್ಲಿ, ಅದರ ಅಭಿಮಾನಿಗಳು ಹೊಸದಾಗಿ ಕಟ್ಟಲು ಶುರುಮಾಡಿದ ಹೈಕು ನೋಡಲು ಚೆಂದ, ಓಟದಲ್ಲೂ ಚುರುಕು. ಆದರೆ ಅದರಲ್ಲಿ ಯುನಿಕ್ಸ್ ತಂತ್ರಾಂಶ ಹಾಕಲು ಹೊರಟಿರೋ, ಕೆಟ್ಟಿರಿ. ಹಳೇ ಕಾನ್ಫಿಗರ್ ಸ್ಕ್ರಿಪ್ಟ್ ಮೊದಲೇ ‘ನೀನ್ಯಾರಪ್ಪ?’ ಅನ್ನುತ್ತದೆ. ಅದನ್ನು ಹೇಗೋ ಪುಸಲಾಯಿಸಿದರೆ ಲಿಂಕರ್‌ನ ತಗಾದೆ: ‘ಗಣಿತದ ಲೈಬ್ರರಿ ಲಿಬ್‌ಎಮ್ ಎಲ್ಲಿ?’ ಇಲ್ಲಿ ಗಣಿತದ ಫಂಕ್ಷನ್‌ಗಳೆಲ್ಲ ಲಿಬ್‌ರೂಟ್ ಎಂಬ ಲೈಬ್ರರಿಯೊಳಗೇ ಬೆಚ್ಚಗೆ ಕೂತಿವೆ. ಬೇರೆ ಹೆಸರಿನಲ್ಲಿ ಕೂಗಿದರೆ ಓಗೊಡುವವರಿಲ್ಲ. ಮೇಕ್‌ಫೈಲ್‌ನಿಂದ ಲಿಬ್‌ಎಮ್ ಕೇಳುವ ‘-ಎಲ್‌ಎಮ್’ ಕಿತ್ತುಹಾಕಿದಿರಾ? ಸರಿ, ಕಂಪೈಲ್ ಆಯಿತು. ಇನ್‌ಸ್ಟಾಲ್ ಅಂದಿರೋ, ಸಿಸ್ಟಮ್ ಫೋಲ್ಡರ್ ಓದಲಿಕ್ಕೆ ಮಾತ್ರವಂತೆ, ಬರೆಯಲಿಕ್ಕಲ್ಲ! ಬಳಕೆದಾರನೇ ಇಲ್ಲಿ ಸರ್ವಾಧಿಕಾರಿ, ಆದರೂ ದೇವರು ಕೊಟ್ಟರೂ ಪೂಜಾರಿ ಕೊಡ. ‘ನಾನ್-ಪ್ಯಾಕೇಜ್ಡ್’ ಅನ್ನೋ ಫೋಲ್ಡರಿಗೆ ತುರುಕಬೇಕು. ಇಲ್ಲವೇ ಹೊರಗಿನ ತಂತ್ರಾಂಶವನ್ನು ಹೈಕುಗೆ ಒಗ್ಗಿಸುವ ಹೈಕುಪೋರ್ಟ್ಸ್‌ನವರ ರೆಸಿಪಿ ಹುಡುಕಿ. ಸಿಕ್ಕರೆ, ಬೇಕಾದ ತೇಪೆಗಳನ್ನು ಅವರೇ ಹಾಕಿಟ್ಟಿರುತ್ತಾರೆ, ಪುಣ್ಯಾತ್ಮರು.