ಹೆದರಿಕೆ ಇದೆಯಾ ಅಂಕಲ್?

ತೊಡೆಯ ಹಿಂಭಾಗ ಕನ್ನಡಿಯಲ್ಲಿ ಕಾಣುವುದಿಲ್ಲ. ಹೊಟ್ಟೆ ಕಾಣುತ್ತದೆ, ನೆತ್ತಿಯ ಬಯಲು ಕಾಣುತ್ತದೆ. ಒಂದಕ್ಕೆ ಉಪವಾಸ, ಇನ್ನೊಂದಕ್ಕೆ ಎಣ್ಣೆ ಅಂತ ಕೈಲಾದದ್ದೆಲ್ಲ ಮಾಡಿದ್ದೇನೆ. ತೊಡೆಯ ಹಿಂಭಾಗಕ್ಕೆ ಮಾತ್ರ ಐವತ್ತು ದಾಟುವವರೆಗೆ ಒಂದು ಚಮಚ ಎಣ್ಣೆಯನ್ನೂ ಖರ್ಚು ಮಾಡಿರಲಿಲ್ಲ. ಆ ಸೇಡನ್ನು ಅದು ಕಂತುಕಂತಾಗಿ ತೀರಿಸಿಕೊಂಡಿತು.

ಮಾಸ್ಟರ್ಸ್ ಅಥ್ಲೆಟಿಕ್ಸ್ ಅಂತ ಒಂದು ಲೋಕವಿದೆ. 35ರಿಂದ ಶುರುವಾಗಿ ಐದೈದು ವರ್ಷಕ್ಕೊಂದು ವಿಭಾಗ. ವಯಸ್ಸಾಗಲಿ ಎಂದು ಜನ ಹಂಬಲಿಸುವ ಜಾಗ ಇದೊಂದೇ ಇರಬೇಕು. 54ರವನು ತನ್ನ ಗುಂಪಿನ ಮುದುಕ; 55 ತುಂಬಿತೋ, ಮುಂದಿನ ಗುಂಪಿನ ಎಳೆಯ. ಕಾಲೇಜಿನಲ್ಲಿ ನೂರು ಮೀಟರ್ ಓಡುತ್ತಿದ್ದೆ ಎಂಬ ನೆನಪು ನನಗೆ ಚೆನ್ನಾಗಿದೆ, ಎಷ್ಟನೆಯವನಾಗಿ ಬರುತ್ತಿದ್ದೆ ಎಂಬುದು ಮಾತ್ರ ಮಸುಕು. ಆ ಮಸುಕಿನ ಧೈರ್ಯದಲ್ಲೇ ಹೆಸರು ಕೊಟ್ಟೆ, ಕಿತ್ತಳೆ ಬಣ್ಣದ ಸ್ಪೈಕ್ಸ್ ಕೊಂಡೆ.

ಪಿಸ್ತೂಲು ಢಮ್ ಎಂದಿತು. ಅರ್ಧ ದಾರಿ ದಾಟಿರಬಹುದು, ಬಲತೊಡೆಗೆ ಹಿಂದಿನಿಂದ ಯಾರೋ ಕಲ್ಲು ಹೊಡೆದರು. ಯಾರೆಂದು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ, ಎಲ್ಲರೂ ಮುಂದಿದ್ದರು.

2017ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಸೇನ್ ಬೋಲ್ಟ್ ತನ್ನ ಕೊನೆಯ ಓಟದಲ್ಲಿ, ರಿಲೇಯ ಕೊನೆಯ ಪಾಳಿಯಲ್ಲಿ, ತೊಡೆ ಹಿಡಿದುಕೊಂಡು ಕುಸಿದ. ಜಗತ್ತು ಕಣ್ಣೀರಿಟ್ಟಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಡೆರೆಕ್ ರೆಡ್ಮಂಡ್ 400 ಮೀಟರ್ ಸೆಮಿಫೈನಲ್‌ನಲ್ಲಿ ಕುಂಟುತ್ತಿದ್ದಾಗ ಅವನಪ್ಪ ಗ್ಯಾಲರಿಯಿಂದ ನುಗ್ಗಿ ಬಂದು ಹೆಗಲು ಕೊಟ್ಟ. ನನ್ನ ಪಾಲಿಗೆ ಬಂದದ್ದು ಮೈಕಿನ ದನಿ: “ಟ್ರ್ಯಾಕಿನಲ್ಲಿ ಮಲಗಿರುವವರು ದಯವಿಟ್ಟು ಬದಿಗೆ ಸರಿಯಬೇಕು. ಮುಂದಿನ ಓಟ, ಅರವತ್ತು ದಾಟಿದ ಮಹಿಳೆಯರದ್ದು.”

ಮನೆಯಲ್ಲಿ ಚಿಕಿತ್ಸೆಗೇನೂ ಬರವಿರಲಿಲ್ಲ. ಕೆಳಮನೆಯವರು ಮಹಾನಾರಾಯಣ ತೈಲ ತಂದುಕೊಟ್ಟರು. ಎದುರುಮನೆಯವರು ಪುತ್ತೂರು ಕಟ್ಟು ಹಾಕಿಸಿ ಎಂದರು; ಮುರಿದದ್ದು ಮೂಳೆಯಲ್ಲ ಎಂದರೆ, “ಇರಲಿ, ಹಾಕಿಸಿಕೊಂಡಿರಿ” ಎಂದರು. ಹೆಂಡತಿ ಮಾತ್ರ ಚಂಡೀಗಢದ ಮನ್ ಕೌರ್ ಅಜ್ಜಿಯ ಕಥೆ ತೆಗೆದಳು. 93ನೇ ವಯಸ್ಸಿಗೆ ಓಟ ಶುರುಮಾಡಿದಾಕೆ 2017ರಲ್ಲಿ ಆಕ್ಲೆಂಡಿನಲ್ಲಿ ನೂರು ಮೀಟರ್ ಓಡಿದಾಗ ವಯಸ್ಸು 101. “ಓಡಿ ಮುಗಿಸಿದರು ಕಣ್ರೀ,” ಎಂದಳು. ‘ಮುಗಿಸಿದರು’ ಎನ್ನುವಾಗ ನನ್ನ ಕಾಲನ್ನೇ ನೋಡುತ್ತಿದ್ದಳು.

ನೋವು ಹೋಯಿತು, ಓಡಿದೆ, ಮತ್ತೆ ಹಿಡಿಯಿತು. ಅದೇ ಕಾಲು, ಅದೇ ಜಾಗ. ಕೊನೆಗೆ ಫಿಸಿಯೋ ಹತ್ತಿರ ಹೋದೆ. ಮಗಳ ವಯಸ್ಸಿನ ಹುಡುಗಿ. ಫಾರಂನಲ್ಲಿ ಹುಟ್ಟಿದ ವರ್ಷ ಓದುವವರೆಗೆ ನಾನು ‘ಸರ್’, ಆಮೇಲೆ ‘ಅಂಕಲ್’.

ಅವಳು ಹೇಳಿದ್ದು ಇಷ್ಟು. ತೊಡೆಯ ಹಿಂದೆ ಇರುವುದು ಮೂರು ಸ್ನಾಯು. ಓಟಗಾರರಲ್ಲಿ ಹೆಚ್ಚಾಗಿ ಹರಿಯುವುದು ಹೊರಬದಿಯ ಬೈಸೆಪ್ಸ್ ಫೆಮೊರಿಸ್, ಅದೂ ಮುಂದಕ್ಕೆ ಬೀಸಿದ ಕಾಲು ಇನ್ನೇನು ನೆಲ ಮುಟ್ಟಬೇಕು ಎನ್ನುವ ಗಳಿಗೆಯಲ್ಲಿ. ಆಗ ಆ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಕಾಲಿನ ವೇಗಕ್ಕೆ ಕಡಿವಾಣ ಹಾಕಬೇಕು. ಇಳಿಜಾರಿನಲ್ಲಿ ಓಡುವ ಗಾಡಿಯನ್ನು ಹಿಂದಿನಿಂದ ಹಗ್ಗ ಹಿಡಿದು ಜಗ್ಗುವವನ ಪಾಡು ಅದರದ್ದು. ಒಮ್ಮೆ ಹರಿದ ಮೇಲೆ ನೋವು ಬೇಗ ಹೋಗುತ್ತದೆ, ಹಿಗ್ಗಿದ ಸ್ಥಿತಿಯಲ್ಲಿ ತಡೆಯುವ ಶಕ್ತಿ ಮಾತ್ರ ಅಷ್ಟು ಬೇಗ ಬರುವುದಿಲ್ಲ. ಹಿಂದೆ ಒಮ್ಮೆ ಆಗಿರುವುದೇ ಮತ್ತೆ ಆಗುವುದಕ್ಕೆ ದೊಡ್ಡ ಕಾರಣ.

“ರೆಸ್ಟಲ್ಲಿ ಏನು ಮಾಡಿದ್ರಿ ಅಂಕಲ್?”

“ರೆಸ್ಟ್ ಮಾಡಿದೆ.”

ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಎಂಬವರು ಅಲ್ಲಿನ 56 ಓಟಗಾರರು, ಜಿಗಿತಗಾರರನ್ನು ಎರಡು ಗುಂಪು ಮಾಡಿ ನೋಡಿದರಂತೆ. ಸ್ನಾಯುವನ್ನು ಹಿಗ್ಗಿಸುತ್ತಲೇ ಭಾರ ಹೊರಿಸುವ ವ್ಯಾಯಾಮ ಮಾಡಿದವರು ಸರಾಸರಿ 49 ದಿನಕ್ಕೆ ಪೂರ್ತಿ ತರಬೇತಿಗೆ ಮರಳಿದರು, ಮಾಮೂಲಿ ವ್ಯಾಯಾಮದವರಿಗೆ 86 ದಿನ ಬೇಕಾಯಿತು. ಎಣ್ಣೆ ಹಚ್ಚಿಕೊಂಡು ಸೋಫಾದಲ್ಲಿ ಕೂತವರ ಮೂರನೆಯ ಗುಂಪೊಂದು ಅವರ ಅಧ್ಯಯನದಲ್ಲಿರಲಿಲ್ಲ. ಆ ಕೊರತೆಯನ್ನು ನಾನು ತುಂಬಿಕೊಟ್ಟಿದ್ದೆ.

ಅದೇ ಆಸ್ಕ್ಲಿಂಗ್ ಒಂದು ಪರೀಕ್ಷೆಯನ್ನೂ ಮಾಡಿಟ್ಟಿದ್ದಾರೆ. ಅಂಗಾತ ಮಲಗಿ, ಮಂಡಿ ಮಡಿಸದೆ, ಕಾಲನ್ನು ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಮೇಲಕ್ಕೆ ಒದೆಯಬೇಕು. ಕೇಳುವುದು ‘ನೋವಿದೆಯಾ’ ಎಂದಲ್ಲ, ‘ಅಳುಕಿದೆಯಾ’ ಎಂದು. ಸ್ವಲ್ಪ ಅಳುಕಿದ್ದರೂ ಓಟವಿಲ್ಲ. ಪರೀಕ್ಷೆಯೇನೋ ಒಳ್ಳೆಯದೇ. ಆದರೆ ಅದನ್ನು ಕಂಡುಹಿಡಿದವರಿಗೆ ನಮ್ಮ ಕಡೆಯ ಗಂಡಸರ ಪರಿಚಯವಿಲ್ಲ. ಕೆಲವು ವಾರ ಅರೆಮನಸ್ಸಿನಿಂದ ವ್ಯಾಯಾಮ ಮಾಡಿ ಮಲಗಿ ಒದ್ದೆ. ಕಾಲು ಅರ್ಧ ದಾರಿಯಲ್ಲಿ ತಾನಾಗಿ ಬ್ರೇಕು ಹಾಕಿತು.

“ಹೆದರಿಕೆ ಇದೆಯಾ ಅಂಕಲ್?”

“ಹೆದರಿಕೆಯಾ? ನನಗಾ?”

ಆ ಭಾನುವಾರವೇ ಅಪಾರ್ಟ್‌ಮೆಂಟಿನ ಏಳನೇ ಕ್ಲಾಸಿನ ಹುಡುಗನೊಬ್ಬ “ಅಂಕಲ್, ರೇಸ್?” ಅಂದ. ನೀರಿನ ಟ್ಯಾಂಕಿನಿಂದ ಗೇಟಿನವರೆಗೆ. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಒಮ್ಮೆಲೇ ಪೂರ್ತಿ ವೇಗ ಕೇಳಿದರೆ ಸ್ನಾಯು ಏನು ಹೇಳುತ್ತದೆ ಎಂಬುದು ಜನರೇಟರ್ ಕೋಣೆಯ ಹತ್ತಿರ ತಿಳಿಯಿತು. ವಾಚ್‌ಮನ್ನೂ ಆ ಹುಡುಗನೂ ಸೇರಿ ಲಿಫ್ಟಿನವರೆಗೆ ಸಾಗಿಸಿದರು. ಹುಡುಗ ದಾರಿಯುದ್ದಕ್ಕೂ, “ನಾನೇ ಗೆದ್ದೆ ಅಲ್ವಾ ಅಂಕಲ್?” ಎಂದು ಖಚಿತಪಡಿಸಿಕೊಳ್ಳುತ್ತಲೇ ಇದ್ದ.

ಇದರಿಂದ ಚಿಕಿತ್ಸೆಯ ಉಸ್ತುವಾರಿ ಹೆಂಡತಿಯ ಕೈಗೆ ಹೋಯಿತು. ನಾರ್ಡಿಕ್ ಎಂಬ ವ್ಯಾಯಾಮವಿದೆ. ಹೆಚ್ಚಾಗಿ ಫುಟ್‌ಬಾಲಿಗರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಇದು ಈ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಂಡಿಯೂರಿ ನೆಟ್ಟಗೆ ನಿಲ್ಲಬೇಕು, ಕಾಲಗಂಟನ್ನು ಯಾರಾದರೂ ಅದುಮಿ ಹಿಡಿಯಬೇಕು, ಸೊಂಟ ಬಗ್ಗಿಸದೆ ಇಡೀ ಮೈಯನ್ನು ಮುಂದಕ್ಕೆ ನಿಧಾನವಾಗಿ ಇಳಿಸಬೇಕು. ಡಿಸೆಂಬರ್ ತಿಂಗಳು, ಅವರೆಕಾಯಿಯ ಕಾಲ. “ಹಿಡಿಯೋದೇನು, ಕೂತ್ಕೋತೀನಿ,” ಎಂದು ಅವಳು ಮಡಿಲಲ್ಲಿ ಮೊರ ಇಟ್ಟುಕೊಂಡು ನನ್ನ ಕಾಲಗಂಟಿನ ಮೇಲೆಯೇ ಕೂತಳು. ಕಾಳು ಮೊರಕ್ಕೆ, ಸಿಪ್ಪೆ ನನ್ನ ತಲೆಯ ಮೇಲಿಂದ ಮುಂದೆ ಹರಡಿದ ಪೇಪರಿಗೆ. ನಾನು ‘ನಿಧಾನವಾಗಿ’ ಇಳಿಯತೊಡಗಿದೆ. ಮರುಕ್ಷಣ ಸಿಪ್ಪೆಯ ರಾಶಿಯಲ್ಲಿ ಮುಖ, ಮೂಗಿನ ತುಂಬ ಸೊಗಡು.

“ಕಾಯಿ ಚೆನ್ನಾಗಿದೆಯೇನ್ರೀ?” ಎಂದಳು, ಕೈ ನಿಲ್ಲಿಸದೆ.

ಹಿತಕಿದ ಬೇಳೆ ಸಾರಿನ ದಿನಗಳು ಮುಗಿಯುವ ಹೊತ್ತಿಗೆ ಬೀಳುವುದು ಇಳಿಯುವುದಾಯಿತು. ಗ್ರಾನೈಟ್ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಒಂದು ಪಾದವನ್ನು ಹಿಂದಕ್ಕೆ ಜಾರಿಸುವುದು, ಒಂಟಿಕಾಲಲ್ಲಿ ನಿಂತು ಕೈ ಚಾಚಿ ಮುಂದಕ್ಕೆ ಬಾಗುವುದು ಎಲ್ಲ ನಡೆಯಿತು. ಈ ಭಂಗಿಯಲ್ಲಿ ನನ್ನನ್ನು ಕಂಡ ಕೆಲಸದಾಕೆ ಮೂರು ಮನೆಗೆ ಸುದ್ದಿ ಮುಟ್ಟಿಸಿದಳು. ಓಟವೂ ಮೆಟ್ಟಿಲುಮೆಟ್ಟಿಲಾಗಿ: ಮೊದಲು ಅರೆವೇಗ, ಆಮೇಲೆ ಮುಕ್ಕಾಲು, ಕೊನೆಗೆ ವಾರಕ್ಕೊಮ್ಮೆ ಪೂರ್ತಿ ವೇಗ. ಪೂರ್ತಿ ವೇಗಕ್ಕೆ ಒಗ್ಗಿಸಿಡದ ಸ್ನಾಯು ಪಂದ್ಯದ ದಿನ ಅದನ್ನು ತಾಳುವುದಿಲ್ಲ ಎಂದು ಫಿಸಿಯೋ ಹೇಳಿದ್ದಳು. ನನ್ನ ಪೂರ್ತಿ ವೇಗವನ್ನು ಕಣ್ಣಾರೆ ಕಂಡ ದಿನ, “ಇದೂ ವಾರ್ಮಪ್ಪೇನಾ ಅಂಕಲ್?” ಎಂದಳು.

ಮತ್ತೆ ಮಲಗಿಸಿ ಒದೆಸಿದಳು. “ಹೆದರಿಕೆ?” ಎಂದಳು. “ಇದೆಯಮ್ಮಾ,” ಎಂದೆ. ಎರಡು ವಾರ ಮುಂದೂಡಿದಳು. ಆಮೇಲೆ ಬಿಟ್ಟಳು.

ಮುಂದಿನ ಕೂಟದಲ್ಲಿ ಗೆರೆ ದಾಟಿ ನಿಂತಾಗ ಎರಡೂ ತೊಡೆ ಮುಟ್ಟಿ ನೋಡಿಕೊಂಡೆ, ಸಲೀಸಾಗಿದ್ದವು. ಫಲಿತಾಂಶದ ಮೇಜಿನಲ್ಲಿದ್ದ ಹಿರಿಯರು ನನ್ನ ಹೆಸರಿನ ಮುಂದೆ, ಓಟ ಮುಗಿಸಲಿಲ್ಲ ಎನ್ನುವ ಡಿಎನ್‌ಎಫ್ ಅನ್ನು ಓಟಕ್ಕೆ ಮುಂಚೆಯೇ ಬರೆದಿಟ್ಟಿದ್ದರು. “ಸಾರಿ, ಅಭ್ಯಾಸ ಆಗಿಹೋಗಿದೆ,” ಎಂದು ಹೊಡೆದುಹಾಕಿ ಎಂಟನೇ ಸ್ಥಾನ ಎಂದು ಬರೆದುಕೊಟ್ಟರು. ಅದನ್ನು ಫೋಟೊ ತೆಗೆದು ಹೆಂಡತಿಗೆ ಕಳಿಸಿದೆ. ಓಡಿದ್ದೇ ಎಂಟು ಜನ ಎನ್ನುವ ಭಾಗ ಫೋಟೊದಲ್ಲಿ ಬರದಂತೆ ನೋಡಿಕೊಂಡೆ.